ತಣ್ಣಗಿರಬೇಕಾದ ಪೆಟ್ಟಿಗೆ

ಸೀರೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಹನುಮಂತನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಸೆರಗನ್ನು ಹಲಗೆಗೆ ಪಿನ್ನು ಹಾಕಿ ಬಿಗಿದು, ರೇಷ್ಮೆ ಎಳೆಗಳನ್ನು ಕೂಡಿಸಿ, ನಡುವೆ ಮಣಿ ಪೋಣಿಸಿ ಗಂಟು ಹಾಕುತ್ತಾ ಹೋಗಬೇಕು. ಮದುವೆ ಕಾಲ ಬಂದರೆ ಗಾಂಧಿ ಬಜಾರಿನ ಅಂಗಡಿಗಳಿಂದ ಸೀರೆಗಳು ಚೀಲ ಚೀಲವೇ ಬರುತ್ತಿದ್ದವು. ಟಿವಿ ನೋಡುತ್ತಲೇ ಕುಚ್ಚು ಕಟ್ಟಬಲ್ಲೆ ಎಂಬ ಸೊಕ್ಕು ನನಗಿತ್ತು. ಅಂಥವಳು ಒಂದು ಬೆಳಿಗ್ಗೆ ಹಸಿರು ಸೀರೆಯೊಂದರ ಸೆರಗಿಗೆ ಸೂಜಿ ಹಿಡಿದರೆ, ಸೂಜಿ ಹೋಗಬೇಕಾದ ಕಡೆ ಹೋಗಲಿಲ್ಲ. ಬಲಗೈ ಸಣ್ಣಗೆ ನಡುಗುತ್ತಿತ್ತು. ಕಾಫಿ ಹೆಚ್ಚಾಯಿತು ಅಂದುಕೊಂಡೆ. ಮಾರನೆಯ ದಿನ ಕಾಫಿ ಕುಡಿಯದೆ ಕೂತೆ. ಆಗಲೂ ನಡುಗಿತು.

ಆಮೇಲೆ ಒಂದೊಂದೇ ಕೆಟ್ಟಿತು. ಬ್ಯಾಂಕಿನಲ್ಲಿ ನನ್ನ ಸಹಿ ಹೊಂದಿಕೆಯಾಗುವುದಿಲ್ಲ ಎಂದು ಚೆಕ್ಕು ವಾಪಸು ಕೊಟ್ಟರು. ಮಾತು ಎಳೆಯತೊಡಗಿತು; ಫೋನಿನಲ್ಲಿ ಗಿರಾಕಿಗಳು 'ನಿದ್ದೆ ಮಾಡ್ತಿದ್ರಾ?' ಎಂದು ಕೇಳುತ್ತಿದ್ದರು. ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಒಂದು ಜಾಗದಲ್ಲಿ ಕೂತಿರಲು ಆಗುತ್ತಿರಲಿಲ್ಲ. ಒಬ್ಬ ವೈದ್ಯರು ಥೈರಾಯಿಡ್ ಅಂದರು, ಇನ್ನೊಬ್ಬರು ಟೆನ್ಷನ್ ಅಂದು ಯೋಗಕ್ಕೆ ಕಳಿಸಿದರು. ಕೊನೆಗೆ ಜಯನಗರದ ನರರೋಗ ತಜ್ಞೆಯೊಬ್ಬರು ನನ್ನ ಮಾತು ಸ್ವಲ್ಪ ಹೊತ್ತು ಕೇಳಿ, ಟಾರ್ಚು ತೆಗೆದುಕೊಂಡು ನನ್ನ ಕಣ್ಣಿನ ಹತ್ತಿರ ಬಗ್ಗಿದರು. ಕಣ್ಣಿನ ಡಾಕ್ಟರ ಬಳಿಗೂ ಕಳಿಸಿದರು. ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಉಂಗುರವೊಂದು ಇತ್ತಂತೆ. ದಿನಾ ಕನ್ನಡಿ ನೋಡಿಕೊಳ್ಳುವ ನನಗೆ ಅದು ಕಂಡೇ ಇರಲಿಲ್ಲ.

"ಇದು ತಾಮ್ರ," ಅಂದರು ಡಾಕ್ಟರು. "ನಾವು ತಿನ್ನೋ ಊಟದಲ್ಲಿ ಸ್ವಲ್ಪ ಸ್ವಲ್ಪ ತಾಮ್ರ ಇರುತ್ತೆ. ಹೆಚ್ಚಾಗಿದ್ದನ್ನ ಲಿವರ್ ಹೊರಗೆ ಹಾಕಬೇಕು. ನಿಮ್ಮದು ಹಾಕಲ್ಲ. ಹುಟ್ಟಿದಾಗಿಂದ ಕೂಡಿಡ್ತಾ ಬಂದಿದೆ. ಈಗ ಮೆದುಳಿಗೂ ಹೋಗಿದೆ."

ಆ ಕಾಯಿಲೆಗೆ ಯಾರೋ ವಿದೇಶಿ ವೈದ್ಯರ ಹೆಸರಿದೆ. ನಮ್ಮ ಮನೆಯಲ್ಲಿ ಅದನ್ನು ತಾಮ್ರದ ಕಾಯಿಲೆ ಎಂದೇ ಕರೆಯುವುದು. ಒಡಹುಟ್ಟಿದವರಿಗೂ ಇರಬಹುದು ಅಂದಿದ್ದಕ್ಕೆ ನನ್ನ ತಮ್ಮನನ್ನೂ ಪರೀಕ್ಷೆ ಮಾಡಿಸಿದೆವು. ಅವನಿಗೆ ಇರಲಿಲ್ಲ.

ಮನೆಯಲ್ಲಿ ಈ ಸುದ್ದಿಯನ್ನು ಎಲ್ಲರಿಗಿಂತ ಕಷ್ಟಪಟ್ಟು ಕೇಳಿದವರು ನಮ್ಮತ್ತೆ. ನಾನು ಮದುವೆಯಾಗಿ ಬಂದ ಮೊದಲ ದಿನದಿಂದಲೂ ಅವರು ಬೆಳಿಗ್ಗೆ ಎದ್ದ ಕೂಡಲೇ ನನ್ನ ಕೈಗೆ ಒಂದು ತಾಮ್ರದ ಚೊಂಬು ಕೊಡುತ್ತಿದ್ದರು. ರಾತ್ರಿಯಿಡೀ ಅದರಲ್ಲಿ ನಿಂತ ನೀರು. 'ಕುಡಿ, ಮೈಗೆ ಒಳ್ಳೇದು,' ಅನ್ನುತ್ತಿದ್ದರು. ತುಮಕೂರಿನ ಕಡೆಯ ಅವರ ತವರಿನಲ್ಲಿ ಎಲ್ಲರೂ ಹಾಗೆಯೇ ಕುಡಿದು ತೊಂಬತ್ತು ದಾಟಿದವರು. ನನ್ನ ಗಂಡ ಡಾಕ್ಟರ ಮಾತನ್ನು ಹೇಳಿದಾಗ ಅವರು ಕೂತಲ್ಲಿಂದ ಎದ್ದರು. ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದು ಕೇಳಿ ನಾನು ಹೋಗಿ ನೋಡಿದರೆ ಚೊಂಬು, ಹಂಡೆ, ಪೂಜೆಯ ತಂಬಿಗೆ, ಉದ್ಧರಣೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬುತ್ತಿದ್ದರು.

"ಅತ್ತೆ, ಇದು ಹುಟ್ಟಿನಿಂದ ಬಂದಿದ್ದು. ನಿಮ್ಮ ಚೊಂಬಿನಿಂದ ಬಂದಿಲ್ಲ."

"ನಾನ್ ಕೊಟ್ಟ ನೀರೂ ಸೇರ್ಕೊಂಡಿತಲ್ಲ," ಅಂದರು. ನನ್ನ ಮುಖ ನೋಡಲಿಲ್ಲ.

ಎರಡು ಹೊತ್ತು ಊಟ ಬಿಟ್ಟರು. ಸಂಜೆ ಲಿಂಗಪೂಜೆಗೆ ಕೂತವರು ಬಹಳ ಹೊತ್ತು ಏಳಲಿಲ್ಲ. ಮುಂದಿನ ಬಾರಿ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋದೆವು. ಡಾಕ್ಟರು ಕುರ್ಚಿಯನ್ನು ಅವರ ಪಕ್ಕಕ್ಕೇ ಎಳೆದುಕೊಂಡು, "ಅಮ್ಮಾ, ನೀವು ಆ ನೀರು ಕೊಡದೇ ಇದ್ದಿದ್ರೂ ಇದು ಬರ್ತಿತ್ತು. ಇವರು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ತಂದಿರೋದು. ಇನ್ಮೇಲೆ ಕೊಡಬೇಡಿ, ಅಷ್ಟೇ," ಅಂದರು. ಅತ್ತೆ ತಲೆಯಾಡಿಸಿದರು. ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವತ್ತಿನಿಂದ ನನ್ನ ಮಾತ್ರೆಯ ಹೊತ್ತು ಹೊತ್ತಿನ ಉಸ್ತುವಾರಿ ಅವರದೇ ಆಯಿತು. ಕಡಲೆಕಾಯಿ, ಅಣಬೆ, ಚಾಕೊಲೇಟು, ಗೋಡಂಬಿ, ಹೀಗೆ ತಾಮ್ರ ಹೆಚ್ಚಿರುವುದೆಲ್ಲ ಮನೆಯಿಂದ ಹೊರಗೆ ಹೋಯಿತು. ಚಿತ್ರಾನ್ನಕ್ಕೆ ಕಡಲೆಕಾಯಿ ಬೀಜವಿಲ್ಲದೆ ನನ್ನ ಗಂಡ ಮುಖ ಹುಳ್ಳಗೆ ಮಾಡಿಕೊಂಡು ತಿಂದರು.

ಮೊದಲು ಕೊಟ್ಟ ಔಷಧ ನಮ್ಮ ಕಡೆಯ ಅಂಗಡಿಗಳಲ್ಲೇ ಸಿಗುತ್ತಿತ್ತು. ಕೆಲವು ತಿಂಗಳಲ್ಲಿ ಕೈ ಒಂದಿಷ್ಟು ಹಿಡಿತಕ್ಕೆ ಬಂತು. ಇನ್ನೇನು ಸರಿಹೋಯಿತು ಅನ್ನುವಾಗ ಬೆಳಿಗ್ಗೆ ಎದ್ದರೆ ಕಣ್ಣಿನ ಕೆಳಗೆ ಊತ, ಕಾಲಿನಲ್ಲಿ ಒತ್ತಿದರೆ ಗುಳಿ. ಮೂತ್ರದಲ್ಲಿ ನೊರೆ. ಔಷಧ ಮೂತ್ರಪಿಂಡಕ್ಕೆ ಒಗ್ಗಲಿಲ್ಲ, ಕೂಡಲೇ ನಿಲ್ಲಿಸಿ ಅಂದರು ಡಾಕ್ಟರು.

"ಇನ್ನೊಂದು ಔಷಧ ಇದೆ. ನಿಮಗೆ ಅದೇ ಬೇಕು. ಆದ್ರೆ ಇಲ್ಲಿ ಅಂಗಡೀಲಿ ಸಿಗಲ್ಲ. ಹೊರದೇಶದಿಂದ ತರಿಸಬೇಕು. ಫ್ರಿಜ್ಜಿನ ತಂಪಲ್ಲಿ ಬರಬೇಕು."

"ಅಲ್ಲೀವರೆಗೆ?"

"ಸತುವಿನ ಮಾತ್ರೆ ಕೊಡ್ತೀನಿ. ಹೊಸ ತಾಮ್ರ ಒಳಗೆ ಬರೋದನ್ನ ಅದು ತಡೆಯುತ್ತೆ. ಒಳಗಿರೋದನ್ನ ತೆಗೆಯೋದು ನಿಧಾನ. ತುಂಬಾ ದಿನ ಅದೊಂದರ ಮೇಲೇ ಬಿಡೋಕೆ ನನಗೆ ಧೈರ್ಯ ಇಲ್ಲ."

ನನ್ನ ಗಂಡನಿಗೆ ಬನಶಂಕರಿಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಯಾವ ಕಂಪನಿಯ ಸ್ವಿಚ್ಚು ಮಾರುಕಟ್ಟೆಯಲ್ಲಿ ಇಲ್ಲ ಅಂದರೂ ಎಲ್ಲಿಂದಲಾದರೂ ತಂದುಕೊಡುವವರು. ಸಿಗಲ್ಲ ಅನ್ನುವ ಮಾತು ಅವರ ಕಿವಿಗೆ ಹೋಗುವುದೇ ಇಲ್ಲ. ಅಂಗಡಿ ಬಾಗಿಲು ಹಾಕಿ, ಚೀಟಿ ಹಿಡಿದು, ತಿಲಕ್ ನಗರದಿಂದ ಹಿಡಿದು ಊರ ಆಚೆ ತುದಿಯವರೆಗೆ ಮೆಡಿಕಲ್ ಸ್ಟೋರುಗಳನ್ನು ಸುತ್ತಿದರು. ಒಂದು ಕಡೆ ಒಬ್ಬ ಅವರನ್ನು ಪಕ್ಕಕ್ಕೆ ಕರೆದು, ಫೋನಿನಲ್ಲಿ ಡಬ್ಬಿಯ ಫೋಟೋ ತೋರಿಸಿ, "ತರಿಸ್ಕೊಡ್ತೀನಿ ಸಾರ್, ಬಿಲ್ ಮಾತ್ರ ಕೇಳ್ಬೇಡಿ," ಅಂದನಂತೆ. ಇವರು ಗೆದ್ದವರ ಹಾಗೆ ಮನೆಗೆ ಬಂದರು.

"ಸಿಕ್ತು ಕಣೇ. ನಾಳಿದ್ದು ಬರುತ್ತೆ."

ನಾನು ಡಾಕ್ಟರಿಗೆ ಫೋನು ಮಾಡಿದೆ. ಆಗ ನನ್ನ ಮಾತು ಎಷ್ಟು ಎಳೆಯುತ್ತಿತ್ತೆಂದರೆ ಅವರು ಎರಡು ಸಲ ಕೇಳಿ ಅರ್ಥ ಮಾಡಿಕೊಂಡರು. "ಬಿಲ್ ಇಲ್ಲದ ಡಬ್ಬೀಲಿ ಏನಿದೆ ಅಂತ ಯಾರಿಗೆ ಗೊತ್ತು? ಮೈದಾ ಹಿಟ್ಟು ತುಂಬಿದ್ರೂ ನಿಮಗೆ ಗೊತ್ತಾಗಲ್ಲ. ನನಗೂ ಗೊತ್ತಾಗೋದು ನೀವು ಇನ್ನಷ್ಟು ಕೆಟ್ಟ ಮೇಲೆ. ಸ್ವಂತ ಉಪಯೋಗಕ್ಕೆ ತರಿಸೋಕೆ ಸರ್ಕಾರದ ಪರ್ಮಿಟ್ ಸಿಗುತ್ತೆ. ನನ್ನ ಚೀಟಿ ಹಾಕಿ ಅರ್ಜಿ ಕೊಡಿ. ನಾನೂ ಪತ್ರ ಕೊಡ್ತೀನಿ," ಅಂದರು. ಗಂಡನಿಗೆ ಸಿಟ್ಟು ಬಂತು. ಅರ್ಜಿ ಎಂದರೆ ಕಾಯುವುದು. ಕಾಯುವುದು ಅವರಿಗೆ ಆಗದು. ನನಗೂ ಆಗದು. ಆ ಸಂಜೆ ನಾವಿಬ್ಬರೂ ಜಗಳವಾಡಿದೆವು. ಕಾರಣ ಮಾತ್ರ ಫ್ಯಾನು ಆಫ್ ಮಾಡಿದ್ದು ಯಾರು ಎಂಬುದು.

ಅರ್ಜಿ ಹೋಯಿತು. ಆಮೇಲೆ ನಾನು ನಡೆಯಲು ಶುರುಮಾಡಿದೆ. ಹಲಗೆಯ ಮುಂದೆ ಕೂತರೆ ಕೈ ನಡುಗುವುದು ಕಾಣುತ್ತಿತ್ತು. ನಡೆಯುತ್ತಿದ್ದರೆ ಅಷ್ಟು ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಗುಡ್ಡದ ದೇವಸ್ಥಾನದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ದೇವರ ಮುಂದೆ ನಿಲ್ಲುವಷ್ಟು ತಾಳ್ಮೆಯಿಲ್ಲದೆ ಹಾಗೇ ಒಂದು ಸುತ್ತು ಹಾಕಿ ವಾಪಸು ಬರುತ್ತಿದ್ದೆ. ತರಕಾರಿಯವಳು, ಇಸ್ತ್ರಿಯವರು, ಗೇಟಿನ ಹತ್ತಿರ ನಿಲ್ಲುವ ಹೆಂಗಸರು ಎಲ್ಲರೂ ನನ್ನ ನಡಿಗೆ ನೋಡಿ 'ಸಣ್ಣ ಆಗ್ತಿದೀರಾ, ಒಳ್ಳೇದು' ಅನ್ನುತ್ತಿದ್ದರು. ಫೋನು ಕೈಯಲ್ಲೇ ಇರುತ್ತಿತ್ತು. ಮೇಲ್ ಬಂತೇ ಎಂದು ನೋಡುವುದು, ಮತ್ತೆ ಎರಡು ಹೆಜ್ಜೆ ಹಾಕಿ ನೋಡುವುದು.

ಪರ್ಮಿಟ್ ಬಂದದ್ದು ನಾನು ಸೊಪ್ಪು ಕೊಳ್ಳುತ್ತಿದ್ದಾಗ. ನಾನು ಅಂದುಕೊಂಡದ್ದಕ್ಕಿಂತ ಬೇಗನೇ ಬಂತು. ಸೊಪ್ಪನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ನನ್ನ ಗಂಡ ಆ ಮಧ್ಯಾಹ್ನವೇ ಯುರೋಪಿನ ಒಂದು ಔಷಧ ಅಂಗಡಿಗೆ ಆರ್ಡರು ಹಾಕಿದರು. ಆರ್ಡರಿನ ಪುಟದಲ್ಲಿ ಕೊನೆಯ ಹೆಸರು ಎಂಬ ಜಾಗವನ್ನು ಖಾಲಿ ಬಿಡಲು ಆಗುತ್ತಿರಲಿಲ್ಲ. ನನಗೆ ಕೊನೆಯ ಹೆಸರಿಲ್ಲ. ತವರಿನ ಊರಿನದೊಂದು, ಅಪ್ಪನದೊಂದು, ಎರಡು ಇನಿಷಿಯಲ್ ಇವೆ, ಅಷ್ಟೇ. ಚೀಟಿಯಲ್ಲೂ ಪರ್ಮಿಟ್ಟಿನಲ್ಲೂ ಇದ್ದದ್ದು ಅವೇ. ಇವರು ಸ್ವಲ್ಪ ಯೋಚನೆ ಮಾಡಿ, ತಮ್ಮ ಹೆಸರನ್ನೇ ಅಲ್ಲಿ ಬರೆದರು. ಅವತ್ತು ನಮಗಿಬ್ಬರಿಗೂ ಅದು ಸರಿಯಾಗಿಯೇ ಕಂಡಿತು.

ಬೇಸಿಗೆ ಏರಿತ್ತು. ಪಾರ್ಸೆಲ್ ಹೊರಟಿತು. ಅದು ಎಲ್ಲಿದೆ ಎಂದು ಫೋನಿನಲ್ಲಿ ನೋಡಬಹುದು ಎಂದು ಗೊತ್ತಾದದ್ದೇ ತಡ, ಅತ್ತೆ ಗಳಿಗೆಗೊಮ್ಮೆ ಬಂದು ನಿಲ್ಲತೊಡಗಿದರು.

"ಈಗೆಲ್ಲಿದೆ?"

"ಜರ್ಮನಿಯಲ್ಲಿ."

"ಅಲ್ಲಿ ಚಳಿ ಅಲ್ವಾ? ಇರ್ಲಿ ಬಿಡು."

ಮಾರನೆಯ ದಿನ ಅದು ದುಬೈಗೆ ಬಂತು. ಅತ್ತೆಯ ಮುಖ ಇಳಿಯಿತು. "ಅಯ್ಯೋ, ಅಲ್ಲಿ ಮರಳುಗಾಡು."

"ಏರ್‌ಪೋರ್ಟ್ ಒಳಗಿರುತ್ತೆ ಅತ್ತೆ, ಏಸಿ ಇರುತ್ತೆ," ಎಂದು ನಾನು ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ನನಗೂ ಅನುಮಾನ ಬಂದು ಫೋನು ತೆಗೆದು ದುಬೈನಲ್ಲಿ ಎಷ್ಟು ಬಿಸಿಲಿದೆ ಎಂದು ನೋಡಿದೆ. ಅತ್ತೆ ಫ್ರಿಜ್ಜಿನ ಮಧ್ಯದ ಶೆಲ್ಫನ್ನು ಪೂರ್ತಿ ಖಾಲಿ ಮಾಡಿ ತೊಳೆದು ಒರೆಸಿಟ್ಟರು. ದೋಸೆಹಿಟ್ಟು ಹೊರಗೆ ಬಿದ್ದು ಹುಳಿಯಾಯಿತು.

ಪಾರ್ಸೆಲ್ ಬೆಂಗಳೂರಿಗೆ ಬಂತು. ಬಂದು ನಿಂತುಬಿಟ್ಟಿತು. ಫೋನಿನಲ್ಲಿ ಅದೇ ಸಾಲು, ಬೆಳಿಗ್ಗೆ ನೋಡಿದರೂ ಮಧ್ಯಾಹ್ನ ನೋಡಿದರೂ. ನನ್ನ ಗಂಡ ಅಂಗಡಿ ಬಿಟ್ಟು ದೇವನಹಳ್ಳಿಯ ಕಾರ್ಗೋ ಕಚೇರಿಗೆ ಹೋದರು. ಹನುಮಂತನಗರದಿಂದ ಅಲ್ಲಿಗೆ ಹೋಗಿಬರುವುದೆಂದರೆ ಇನ್ನೊಂದು ಊರಿಗೆ ಹೋಗಿಬಂದಂತೆ. ಸಂಜೆ ಬಂದವರು ಚಪ್ಪಲಿ ಬಿಡುತ್ತಲೇ ಹೇಳಿದರು: ಪರ್ಮಿಟ್ಟಿನಲ್ಲಿರುವ ಹೆಂಗಸೂ ಪಾರ್ಸೆಲ್ಲಿನ ಮೇಲಿರುವ ಹೆಂಗಸೂ ಬೇರೆಬೇರೆ ಅನ್ನುತ್ತಿದ್ದಾರೆ.

ಎರಡನೆಯ ಸಲ ನಾನೂ ಹೋದೆ. ಡಾಕ್ಟರ ಹೊಸ ಪತ್ರ, ಮದುವೆಯ ಸರ್ಟಿಫಿಕೇಟು, ಆಧಾರ್ ಎಲ್ಲ ಹಿಡಿದು. ಕೌಂಟರಿನ ಆಚೆ ಕೂತಿದ್ದ ಕಸ್ಟಮ್ಸ್ ಅಧಿಕಾರಿಗೆ ನಲವತ್ತರ ಆಸುಪಾಸು.

"ಇವರೇ ಸಾರ್ ಅವರು. ಇಬ್ರೂ ಒಬ್ಬಳೇ," ಅಂದರು ನನ್ನ ಗಂಡ.

"ಇರಬಹುದು ಸಾರ್. ನಾನು ಇಲ್ಲ ಅಂತಿಲ್ಲ. ಔಷಧ ನೋಡಿ, ಬೇರೆಯವರ ಪರ್ಮಿಟ್‌ನಲ್ಲಿ ಇನ್ಯಾರಿಗೋ ಹೋಗಬಾರದು. ಪೇಪರ್ ಹೇಳಬೇಕು."

ನಾನು ಮಾತಾಡಲು ಹೋದೆ. ನನ್ನ ಹೆಸರು, ನನ್ನ ಅಪ್ಪನ ಹೆಸರು, ಊರು. ನಾಲಿಗೆ ಬಾಯಲ್ಲಿ ದಪ್ಪಗೆ ಹೊರಳಿತು. ನನ್ನ ಹೆಸರೇ ನನ್ನ ಬಾಯಲ್ಲಿ ಬೇರೆ ಯಾರದೋ ಹೆಸರಿನ ಹಾಗೆ ಕೇಳಿಸಿತು. ಕ್ಯೂನಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಬೆಳಿಗ್ಗೆಯೇ ಕುಡಿದು ಬಂದಿದ್ದಾಳೆ ಅಂದುಕೊಂಡರೇನೋ. ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನ ಕೈ ನೋಡಿದರು. ಫೈಲು ಹಿಡಿದಿದ್ದ ಕೈ ಫೈಲಿನ ಸಮೇತ ನಡುಗುತ್ತಿತ್ತು.

"ಕೂತ್ಕೊಳ್ಳಿ ಮೇಡಂ," ಎಂದು ತಾವೇ ಎದ್ದು ಒಂದು ಕುರ್ಚಿ ತಂದರು. ನಾನು ಕೂರಲಿಲ್ಲ, ಕೂತರೆ ಕಾಲೂ ಕುಣಿಯುತ್ತಿತ್ತು. ಅವರು ನಮ್ಮ ಕಾಗದಗಳನ್ನು ತೆಗೆದುಕೊಂಡು ಒಳಗೆ ಹೋದರು. ನೋಟರಿ ಮಾಡಿಸಿದ ಒಂದು ಅಫಿಡವಿಟ್ ಬೇಕು, ಅದೊಂದು ತನ್ನಿ, ನಾನೇ ನಿಂತು ಮಾಡಿಸುತ್ತೇನೆ ಅಂದರು. ಅವರು ಹೇಳಿದ ಹಾಗೇ ನಡೆದುಕೊಂಡರು. ಆದರೆ ಅವತ್ತು ಶುಕ್ರವಾರ. ಆಮೇಲೆ ಎರಡು ದಿನ ರಜೆ, ಸೋಮವಾರ ಹಬ್ಬ. ಪೆಟ್ಟಿಗೆ ಯಾವ ಗೋದಾಮಿನ ಯಾವ ಮೂಲೆಯಲ್ಲಿದೆ, ತಂಪಿನಲ್ಲಿದೆಯೋ ಇಲ್ಲವೋ, ಕೇಳಿದರೆ ಕೊರಿಯರಿನವರು ಕಸ್ಟಮ್ಸಿನವರನ್ನು ಕೇಳಿ ಅನ್ನುತ್ತಿದ್ದರು, ಕಸ್ಟಮ್ಸಿನವರು ಕೊರಿಯರಿನವರನ್ನು ಕೇಳಿ ಅನ್ನುತ್ತಿದ್ದರು.

ಹಬ್ಬದ ದಿನ ಹೋಳಿಗೆ ಮಾಡಿದೆವೆಂದು ನೆನಪು. ತಿಂದ ನೆನಪಿಲ್ಲ.

ಪೆಟ್ಟಿಗೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು. ಊಟದ ಮೇಜಿನ ಮೇಲಿಟ್ಟು ನನ್ನ ಗಂಡ ಕತ್ತರಿಯಿಂದ ಟೇಪು ಕತ್ತರಿಸಿದರು. ಥರ್ಮೋಕೋಲಿನ ಒಳಗೆ ಜೆಲ್ಲಿನ ಚೀಲಗಳು. ಮಂಜುಗಡ್ಡೆಯ ಹಾಗೆ ಇರಬೇಕಾದವು ಬಿಸಿನೀರಿನ ಚೀಲದ ಹಾಗೆ ಮೆತ್ತಗೆ ಜೋತುಬಿದ್ದವು. ಅವುಗಳ ನಡುವೆ ಒಂದು ಸಣ್ಣ ಬಿಳಿ ಕಾರ್ಡು, ಅದರ ಮಧ್ಯೆ ಒಂದು ಚುಕ್ಕೆ. ತಂಪು ಉಳಿದಿದ್ದರೆ ಚುಕ್ಕೆ ಬಿಳಿಯೇ ಇರಬೇಕು ಎಂದು ಕೆಳಗೆ ಅಚ್ಚು ಹಾಕಿತ್ತು. ಅದು ಕೆಂಪಗಾಗಿತ್ತು.

ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಕೆಂಪು ಬಣ್ಣ ಒಳ್ಳೆಯದಲ್ಲ ಎಂದು ಅವರಿಗೂ ತಿಳಿಯಿತು.

"ಸ್ವಲ್ಪ ಬೆಚ್ಚಗಾದ್ರೆ ಏನಾಗ್ಬಿಡುತ್ತೆ," ಅಂದರು ನನ್ನ ಗಂಡ. "ಹಾಲಾ ಇದು, ಒಡೆದೋಗೋಕೆ?"

ಡಾಕ್ಟರಿಗೆ ಫೋಟೋ ಕಳಿಸಿದೆವು. ಕಳಿಸಿದ ಅಂಗಡಿಗೂ ಕಳಿಸಿದೆವು. ಎರಡೂ ಕಡೆಯಿಂದ ಒಂದೇ ಉತ್ತರ: ಬಳಸಬೇಡಿ. ನನ್ನ ಗಂಡ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಅವರು ಹೊರಗೆ ಬಂದಾಗ ಮುಖ ತೊಳೆದಿದ್ದರು, ಕಣ್ಣು ಕೆಂಪಾಗಿತ್ತು. ಹೆಸರು ತಪ್ಪು ಬರೆದದ್ದು ತಾನು ಎಂದು ಅವರು ಒಳಗೊಳಗೇ ಕೊರಗುತ್ತಿದ್ದರು ಎಂಬುದು ನನಗೆ ತಿಳಿದಿತ್ತು. ಆ ಪುಟ ತುಂಬುವಾಗ ಪಕ್ಕದಲ್ಲೇ ಕೂತಿದ್ದವಳು ನಾನು ಎಂದು ಆಮೇಲೆ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಪರ್ಮಿಟ್ಟಿಗೆ ಮತ್ತೆ ಅರ್ಜಿ ಹೋಯಿತು. ಅಷ್ಟರಲ್ಲಿ ನನ್ನ ಸ್ಥಿತಿ ಇಳಿಮುಖವಾಗಿತ್ತು. ನೀರು ಕುಡಿದರೆ ಮೂಗಿಗೆ ಹತ್ತುತ್ತಿತ್ತು. ಜೊಲ್ಲು ಸುರಿಯುತ್ತದೆಂದು ಕರವಸ್ತ್ರ ಹಿಡಿದೇ ಇರಬೇಕಾಯಿತು. ಹಲಗೆಯ ಮೇಲೆ ಅರ್ಧ ಕಟ್ಟಿದ್ದ ಸೀರೆಗಳನ್ನು ಅಂಗಡಿಯವರಿಗೆ ವಾಪಸು ಕಳಿಸಿದೆ. ಆಗ ಒಂದು ದಿನ ಡಾಕ್ಟರೇ ಫೋನು ಮಾಡಿದರು.

"ಬಿಟಿಎಂ ಲೇಔಟಲ್ಲಿ ಒಬ್ರಿದಾರೆ. ಅವರ ಮಗಳೂ ನನ್ನ ಪೇಷಂಟು. ಇದೇ ಔಷಧ ತರಿಸ್ತಿದ್ರು. ಸೀಲ್ ಒಡೆಯದ ಬಾಟ್ಲಿ ಫ್ರಿಜ್ಜಲ್ಲಿದೆಯಂತೆ, ಈಗ ಅವರಿಗೆ ಬೇಡವಂತೆ. ಅವರನ್ನ ಕೇಳಿಯೇ ನಿಮಗೆ ಹೇಳ್ತಿದೀನಿ. ಹೋಗಿ, ಬಾಟ್ಲಿ ಮೇಲಿನ ತಾರೀಖಿನ ಫೋಟೋ ನನಗೆ ಕಳಿಸಿ, ನಾನು ಹೇಳೋವರೆಗೆ ತೆರೀಬೇಡಿ."

ಅವರ ಕಡೆ ಮುಂದಿನ ಪೇಷಂಟನ್ನು ಕರೆಯುತ್ತಿದ್ದ ಸದ್ದು ಕೇಳಿಸಿತು, ಅವರು ಫೋನಿಟ್ಟರು. ಈಗ ಅವರಿಗೆ ಯಾಕೆ ಬೇಡ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಅತ್ತೆ ನಾನೂ ಬರುತ್ತೇನೆ ಅಂದರು. ಆಟೋ ಹತ್ತುವ ಮುಂಚೆ ಮೂಲೆಯ ಅಂಗಡಿಯಲ್ಲಿ ನಿಂತರು. ಯಾರ ಮನೆಗೂ ಅವರು ಬರಿಗೈಯಲ್ಲಿ ಹೋದವರಲ್ಲ. ಸೇಬು ಕೊಂಡರು. ಹೂವಿನವಳ ಮುಂದೆ ನಿಂತು ಮಲ್ಲಿಗೆ ಕಡೆ ಕೈ ಚಾಚಿದವರು ಕೈ ಹಿಂದೆಗೆದುಕೊಂಡರು.

"ಹೂ ಬೇಡ ಅಲ್ವಾ?" ಅಂದರು ನನ್ನನ್ನು.

ನನಗೂ ಅದೇ ಯೋಚನೆ ಬಂದಿತ್ತು ಎಂದು ಅವರಿಗೆ ಗೊತ್ತಾಯಿತು. "ಬೇಡ," ಅಂದೆ. ಜಯನಗರದ ಮರಗಳ ಕೆಳಗೆ, ತಿಲಕ್ ನಗರದ ಇಕ್ಕಟ್ಟಿನ ನಡುವೆ ಆಟೋ ನಿಂತು ನಿಂತು ಹೋಯಿತು. ಮಗಳನ್ನು ಕಳೆದುಕೊಂಡ ತಾಯಿಯಿಂದ ಆ ಮಗಳ ಔಷಧವನ್ನು ಹೇಗೆ ಕೈಚಾಚಿ ತೆಗೆದುಕೊಳ್ಳುವುದು? ಏನೆಂದು ಮಾತು ಶುರುಮಾಡುವುದು? ನನ್ನ ಮಾತು ಅವರಿಗೆ ಅರ್ಥವಾಗದಿದ್ದರೆ? ಇಷ್ಟೆಲ್ಲ ಯೋಚಿಸುತ್ತಿದ್ದರೂ, ಆ ಬಾಟಲಿ ನನಗೆ ಸಿಗಲಿ, ಇಷ್ಟರಲ್ಲಿ ಇನ್ಯಾರಿಗೂ ಕೊಟ್ಟಿರದಿರಲಿ ಎಂದೇ ಮನಸ್ಸು ಬಡಿದುಕೊಳ್ಳುತ್ತಿತ್ತು.

ಅದು ನಾಲ್ಕಂತಸ್ತಿನ ಕಟ್ಟಡ. ಮೇಲೆಲ್ಲ ಪಿಜಿ, ಬಾಲ್ಕನಿಗಳ ತುಂಬ ಒಣಹಾಕಿದ ಬಟ್ಟೆ. ಕೆಳಗೆ ಮಾಲೀಕರ ಮನೆ. ಬೆಲ್ಲು ಒತ್ತಿದೆ. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡಿದ್ದ, ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿ ಬಾಗಿಲು ತೆಗೆದು, ಒಳಗೆ ತಿರುಗಿ, "ಅಮ್ಮಾ, ಡಾಕ್ಟರು ಹೇಳಿದ್ದ ಆಂಟಿ ಬಂದಿದಾರೆ," ಎಂದು ಕೂಗಿದಳು.

ಅತ್ತೆ ನನ್ನ ತೋಳು ಹಿಡಿದುಕೊಂಡರು.

ಅಡುಗೆಮನೆಯಿಂದ ಬಂದ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಯಾಕಮ್ಮ ಅಲ್ಲೇ ನಿಂತ್ಕಂಡ್ರಿ, ಬನ್ನಿ ಒಳೀಕೆ," ಅಂದರು. ಲೇಔಟ್ ಬರುವ ಮುಂಚೆ ಅಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಮಾತು ಇನ್ನೂ ಹಳ್ಳಿಯ ಮಾತು.

"ಮಗಳು..." ಅಂದರು ಅತ್ತೆ, ಹುಡುಗಿಯ ಕಡೆ ನೋಡುತ್ತಾ.

"ಇವಳೇ ಕಣಮ್ಮ. ಔಷಧ ಇವಳದೇ."

ಹುಡುಗಿ ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. "ಅಜ್ಜೀ, ನಾನು ಹೋಗ್ಬಿಟ್ಟೆ ಅಂದ್ಕೊಂಡ್ರಾ?" ಎಂದು ನಕ್ಕಳು. ತಾಯಿ, "ಥೂ, ಬಿಡ್ತು ಅನ್ನು. ಏನ್ ಮಾತಾಡ್ತೀಯೆ," ಎಂದು ಅವಳ ಬೆನ್ನಿಗೊಂದು ಕೊಟ್ಟರು. ಅತ್ತೆ ಸೋಫಾದ ಮೇಲೆ ಕುಸಿದು ಕೂತು, ಆ ಹುಡುಗಿಯ ಕೈ ಹಿಡಿದು, ಗೊತ್ತಿಲ್ಲದವರ ಮನೆ ಎಂಬುದನ್ನೂ ಮರೆತು ಅತ್ತರು. ಹುಡುಗಿ ಕೈ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ತಾಯಿ ಹೇಳಿದರು. ಇವಳಿಗೆ ಕಾಯಿಲೆ ಗೊತ್ತಾಗುವ ಹೊತ್ತಿಗೇ ತಡವಾಗಿತ್ತು. ಔಷಧ ತರಿಸಿದರು, ಕೊಟ್ಟರು, ಆದರೂ ಲಿವರ್ ಪೂರ್ತಿ ಕೈಕೊಟ್ಟಿತು. "ನನ್ ಲಿವರಲ್ಲಿ ಒಂದ್ ತುಂಡು ಕೊಟ್ಟೆ ಕಣಮ್ಮ. ಹೊಸಾದು ತಾಮ್ರಾನ ತಾನೇ ಹೊರಕ್ಕಾಕ್ತದಂತೆ. ಅದ್ಕೇ ಈ ಔಷಧ ಬೇಡ. ಬೇರೆ ಮಾತ್ರೆ ಅವೆ, ಅವು ಇಲ್ಲೇ ಸಿಕ್ತವೆ." ಅವರು ಇದನ್ನು ಹೇಳಿದ್ದು ಪಕ್ಕದ ಮನೆಗೆ ಬಟ್ಟಲು ಸಕ್ಕರೆ ಕೊಟ್ಟ ಹಾಗೆ.

"ಇಷ್ಟು ದಿನ ಇಟ್ಕೊಂಡಿದ್ರಲ್ಲ," ಅಂದೆ. ನನ್ನ ಮಾತನ್ನು ಅವರು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು. ಮಗಳದ್ದೂ ಹಾಗೇ ಎಳೆಯುತ್ತಿತ್ತಂತೆ.

"ಬಿಸಾಕಕ್ಕೆ ಮನಸ್ ಬರ್ಲಿಲ್ಲ. ತರಿಸಕ್ಕೆ ಪಟ್ಟ ಪಾಡು ನಿಂಗೂ ಗೊತ್ತಲ್ಲ."

ಬಾಟಲಿಯ ಫೋಟೋ ಡಾಕ್ಟರಿಗೆ ಹೋಯಿತು. ಕರೆಂಟು ಹೋದರೆ ಫ್ರಿಜ್ಜು ನಿಲ್ಲುತ್ತದೆಯೇ ಎಂದು ಅವರು ವಿಚಾರಿಸಿದರು, ಇಲ್ಲ, ಪಿಜಿಯ ಜನರೇಟರಿನಿಂದ ನಡೆಯುತ್ತದೆ ಅಂದರು ಹುಡುಗಿಯ ತಾಯಿ. ಡಾಕ್ಟರು ಸರಿ ಅಂದ ಮೇಲೆ ಆ ತಾಯಿ ಸ್ಟೀಲ್ ಡಬ್ಬಿಗೆ ಐಸು ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಟ್ಟರು. ದಾರಿಯುದ್ದಕ್ಕೂ ಡಬ್ಬಿ ಅತ್ತೆಯ ತೊಡೆಯ ಮೇಲಿತ್ತು. ನನ್ನ ಕೈಗೆ ಕೊಡಲಿಲ್ಲ, ಬೀಳಿಸಿಬಿಡುತ್ತೇನೆಂದು. ನಾನು ಮಾತ್ರ ಹೊರಗೆ ನೋಡುತ್ತಾ ಬೇರೆ ಲೆಕ್ಕದಲ್ಲಿದ್ದೆ: ಅವಳನ್ನು ಉಳಿಸಿದ್ದು ತಾಯಿಯ ಲಿವರು, ಈ ಔಷಧವಲ್ಲ. ನನಗೆ ತಾನೇ ಇದು ಏನು ಮಾಡೀತು? ಆ ಪ್ರಶ್ನೆಯನ್ನು ಅತ್ತೆಯ ಮುಂದೆ ಆಡಲಿಲ್ಲ.

ಆ ಬಾಟಲಿ ಮುಗಿಯುವುದರೊಳಗೆ ಎರಡನೆಯ ಪಾರ್ಸೆಲ್ ಬರಬೇಕಿತ್ತು. ಈ ಸಲ ನನ್ನ ಗಂಡ ಹೆಸರನ್ನು ಪರ್ಮಿಟ್ಟಿನಲ್ಲಿದ್ದ ಹಾಗೇ ಬರೆದರು. ಅಂಗಡಿಗೆ ಮೊದಲೇ ಮೇಲ್ ಮಾಡಿ, ಇನಿಷಿಯಲ್ಲನ್ನೇ ಕೊನೆಯ ಹೆಸರಿನ ಜಾಗದಲ್ಲಿ ಹಾಕಿಸಿದರು. ಶನಿವಾರ ಭಾನುವಾರ ನಡುವೆ ಬರದ ಹಾಗೆ ಸೋಮವಾರ ಹೊರಡಿಸಿ ಎಂದು ಕೇಳಿಕೊಂಡರು. ಪೆಟ್ಟಿಗೆ ಬೆಂಗಳೂರಿಗೆ ಇಳಿದ ಬೆಳಿಗ್ಗೆ ಅವರು ಆಗಲೇ ಕಾರ್ಗೋ ಕಚೇರಿಯ ಹೊರಗಿದ್ದರು. ನಾನು ಮನೆಯಲ್ಲಿ ಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಬಾಗಿಲಿಗೆ. ಅತ್ತೆ ಅಲಸಂದೆಕಾಯಿ ಸುಲಿಯುತ್ತಾ ಕೂತಿದ್ದರು; ಕಾಳು ಸಿಪ್ಪೆಯ ಬುಟ್ಟಿಗೂ ಸಿಪ್ಪೆ ಕಾಳಿನ ಬಟ್ಟಲಿಗೂ ಬೀಳುತ್ತಿದ್ದವು.

ಮಧ್ಯಾಹ್ನ ಫೋನು ಬಂತು.

"ಕೈಗೆ ಬಂತು. ಪಾರ್ಕಿಂಗ್‌ನಲ್ಲಿದೀನಿ."

"ತೆಗೆದು ನೋಡಿ."

"ಮನೇಲಿ ತೆಗೀತೀನಿ. ಇಲ್ಲಿ ಬಿಸಿಲಿದೆ."

"ರೀ, ಒಂದ್ ಸಲ ನೋಡ್ಬಿಡಿ."

ಟೇಪು ಹರಿಯುವ ಸದ್ದು ಕೇಳಿಸಿತು. ಅವರು ಉಸಿರಾಡುವುದು ಕೇಳಿಸಿತು. "ಬಿಳಿ ಇದೆ," ಅಂದರು. "ಬಿಳಿ ಇದೆ ಕಣೇ. ಚೀಲ ಇನ್ನೂ ಗಟ್ಟಿ ಇದೆ." ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ.

ಆಮೇಲೆ ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೊದಲ ಕೆಲವು ವಾರ ನಡುಕ ಇನ್ನೂ ಹೆಚ್ಚಾಯಿತು. ಹೀಗೂ ಆಗಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರಿಂದ ಬಿಡಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ನೀರು ಮೂಗಿಗೆ ಹತ್ತುವುದು ನಿಂತಿತು. ಆಮೇಲೆ ಮಾತು ಬಂತು, ಸ್ವಲ್ಪ ಸ್ವಲ್ಪವೇ. ಫೋನಿನಲ್ಲಿ ಯಾರೂ ನಿದ್ದೆಯ ಮಾತೆತ್ತುವುದಿಲ್ಲ ಎಂದು ಒಂದು ದಿನ ಗಮನಿಸಿದೆ. ಕೈ ಪೂರ್ತಿ ಬಂದಿಲ್ಲ. ಸಣ್ಣ ಮಣಿಯ ಕೆಲಸ ಬಿಟ್ಟಿದ್ದೇನೆ. ಸಾದಾ ಕುಚ್ಚು ಕಟ್ಟುತ್ತೇನೆ, ಮೊದಲಿಗಿಂತ ನಿಧಾನ. ಮಣಿಯ ಕೆಲಸವನ್ನು ಎರಡು ಮನೆ ಆಚೆಯ ಹೆಂಗಸಿಗೆ ಕಲಿಸಿಕೊಟ್ಟೆ.

ಪರ್ಮಿಟ್ಟಿನ ಅರ್ಜಿ ಪ್ರತಿ ಸಲವೂ ಹೊಸದಾಗಿ ಹೋಗುತ್ತದೆ. ಪ್ರತಿ ಸಲವೂ ನಾನು ಮೊದಲ ಸಲದಷ್ಟೇ ನಡೆಯುತ್ತೇನೆ. ಎಲ್ಲಿವರೆಗೆ ಎಂದು ಕಳೆದ ಬಾರಿ ಡಾಕ್ಟರನ್ನು ಕೇಳಿದೆ. "ಇರೋವರೆಗೂ," ಅಂದರು ಅವರು, ರಿಪೋರ್ಟು ನೋಡುತ್ತಲೇ. ಅದು ಕೆಟ್ಟ ಸುದ್ದಿಯ ಹಾಗೆ ಅವರ ಬಾಯಲ್ಲಿ ಬರಲಿಲ್ಲ.

ಅವತ್ತು ಅಲ್ಲಿಂದ ಹೊರಗೆ ಬಂದಾಗ ಅತ್ತೆ, ನನ್ನ ಗಂಡ, ನಾನು, ಮೂವರಿಗೂ ಹಸಿವಾಗಿತ್ತು. ಎದುರಿನ ದರ್ಶಿನಿ ಹೋಟೆಲಿನಲ್ಲಿ ದೋಸೆ ಹುಯ್ಯುವ ಸದ್ದು. ಆದರೆ ನಾನು ಆಗಷ್ಟೇ ಔಷಧ ನುಂಗಿದ್ದೆ. ಅದಾದ ಮೇಲೆ ಒಂದು ಗಂಟೆ ಏನೂ ತಿನ್ನುವಂತಿಲ್ಲ. ನೀವಿಬ್ಬರೂ ತಿನ್ನಿ ಅಂದೆ. ನನ್ನ ಗಂಡ ಕೂಪನ್ನು ತೆಗೆದುಕೊಳ್ಳಲು ಹೊರಟರು. ಅತ್ತೆ ಅವರ ತೋಳು ಹಿಡಿದು ನಿಲ್ಲಿಸಿದರು.

"ಅವಳ್ನ ಬಿಟ್ಟು ಏನ್ ತಿನ್ನೋದು. ಒಂದ್ ಗಂಟೆ ತಾನೇ."

ಮೂವರೂ ಫುಟ್‌ಪಾತಿನ ಮೇಲೆ ನಿಂತೆವು. ನನ್ನ ಗಂಡ ವಾಚು ನೋಡಿದರು, ದೋಸೆಯ ಹಂಚು ನೋಡಿದರು, ಮತ್ತೆ ವಾಚು ನೋಡಿದರು. ನನಗೆ ನಿಂತಿರಲು ಆಗಲಿಲ್ಲ. ಬ್ಲಾಕಿನ ಸುತ್ತ ಒಂದು ಸುತ್ತು ಹಾಕಿ ಬರೋಣ ಅಂದೆ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಜೊತೆ ಹೊರಟರು.